ಕಲ್ಮಲಾ ದಾಟಿದರೆ ಕುದಿಯುವ ಕಾರು

ನಮ್ಮ ಕಾಕಾನಷ್ಟು ಖಟ್ಲೆ ಸೋತ ವಕೀಲರು ಇಡೀ ರಾಯಚೂರು ಜಿಲ್ಲೆಯಲ್ಲೇ ಇಲ್ಲ ಎಂದು ಜನ ಹೇಳುತ್ತಿದ್ದರು. ನಾನು ಇದನ್ನು ಸುತರಾಂ ಒಪ್ಪುವುದಿಲ್ಲ. ಮಾನ್ವಿಯಲ್ಲಿ ಇನ್ನೊಬ್ಬರಿದ್ದರು!

ಕಾಕಾಗೆ ಕಾನೂನು ಗೊತ್ತಿರಲಿಲ್ಲ ಎಂದಲ್ಲ. ಕಕ್ಷಿದಾರನಿಗಿಂತ ಸತ್ಯದ ಮೇಲೆ ಅವರಿಗೆ ಪ್ರೀತಿ ಹೆಚ್ಚು. ವಾದ ಮಾಡುತ್ತ ಮಾಡುತ್ತ ಎದುರು ಪಕ್ಷದ ಮಾತೇ ಸರಿ ಅನ್ನಿಸಿದರೆ ಸಾಕು, ನ್ಯಾಯಾಧೀಶರ ಎದುರೇ "ಇವ್ರು ಅನ್ನೋದು ಬರೋಬ್ಬರಿ ಅದ ನೋಡ್ರಿ" ಎಂದು ತಲೆದೂಗಿಬಿಡುತ್ತಿದ್ದರು. ಇಂಥವರ ಕೈಗೆ ಯಾರಾದರೂ ಕಾಗದಪತ್ರ ಕೊಡುತ್ತಾರೆಯೇ? ಹೀಗಾಗಿ ಕಾಕಾಗೆ ಬಿಡುವು ಬಹಳ. ಆ ಬಿಡುವಿನಲ್ಲಿ ಅವರು ಒಂದು ಹಳೆಯ ಕಾರು ತಂದರು.

ಮಹಾಯುದ್ಧ ಮುಗಿದ ಹೊಸತು. ನಾನು ರಾಯಚೂರಿನ ಶಾಲೆಯೊಂದಕ್ಕೆ ಮಾಸ್ತರನಾಗಿ ಸೇರಿ ಕಾಕಾನ ಮನೆಯಲ್ಲೇ ಇದ್ದೆ. ಮುಂದೆ ನಿಂತು ಹ್ಯಾಂಡಲ್ ತಿರುವಿ ಕಾರು ಶುರು ಮಾಡುವುದು ನನ್ನ ಪಾಲಿನ ಕೆಲಸ. ಹತ್ತಿ ಗಿರಣಿಯ ಸಾಹುಕಾರರೊಬ್ಬರಿಗೆ ಒಂದು ಜೋಡಿ ಎತ್ತು ಕೊಟ್ಟು ಕಾಕಾ ಆ ಕಾರನ್ನು ತಂದಿದ್ದರು. ಮೊದಲ ದಿನವೇ ಅದನ್ನು ಊರಾಚೆಯ ಹಳ್ಳಿ ಕಲ್ಮಲಾದಿಂದ ಎಳೆದು ತರಲು ಸಾಹುಕಾರರ ಹತ್ತಿರ ಹೋಗಿ ಅವೇ ಎತ್ತುಗಳನ್ನು ಕೇಳಿ ತರಬೇಕಾಯಿತು!

ಆ ಕಾರಿನ ರೋಗವೇ ವಿಚಿತ್ರ. ರಾಯಚೂರಿನ ಬಜಾರಿನಲ್ಲಿ ಎಷ್ಟು ಹೊತ್ತು ತಿರುಗಿದರೂ ಕುರಿಮರಿಯಷ್ಟು ಸಾಧು. ಊರು ಬಿಟ್ಟು ಕಲ್ಮಲಾ ದಾಟಿ, ರಸ್ತೆ ಖಾಲಿ ಇದೆ ಎಂದು ಸ್ವಲ್ಪ ಜೋರು ಬಿಟ್ಟರೆ ಮುಗಿಯಿತು. ಎರಡು ಮೈಲಿಯೊಳಗೆ ಮೂತಿಯಿಂದ ಬುಸಬುಸ ಹಬೆ! ನಿಲ್ಲಿಸಿ, ಬಾನೆಟ್ ಎತ್ತಿ ನೋಡಿದರೆ ಎಲ್ಲವೂ ನೆಟ್ಟಗೆ.

"ನಿಧಾನ ಹೊಡೀರಿ ಸಾಬ್, ಏನೂ ಆಗಂಗಿಲ್ಲ" ಎಂದರು ಸ್ಟೇಶನ್ ಹತ್ತಿರ ಕಾರು ರಿಪೇರಿ ಮಾಡುವ ಮಿಸ್ತ್ರಿ.

"ಅದು ನ್ಯಾಯ ಅಲ್ಲ, ರಾಜಿ!" ಎಂದರು ಕಾಕಾ. "ತಪ್ಪು ಯಾರದು ಅನ್ನೋದು ಸಾಬೀತಾಗಬೇಕು."

ಅಂದಿನಿಂದ ವಿಚಾರಣೆ ಶುರುವಾಯಿತು. ಮೊದಲ ಆರೋಪಿ ನೀರು. ನಮ್ಮ ಬಾವಿಯ ಸವಳು ನೀರಿನಿಂದಲೇ ಎಂಜಿನ್ ಕುದಿಯುತ್ತದೆ ಎಂದು ತೀರ್ಮಾನಿಸಿ ಕಾಕಾ ಕೃಷ್ಣಾ ನದಿಯಿಂದ ಸಿಹಿನೀರು ತರಿಸಿ ತುಂಬಿದರು. ಮಾನ್ವಿಯ ಕಡೆ ಹೊರಟೆವು. ಅದು ಇನ್ನೂ ಬೇಗ ಕುದಿಯಿತು! ಮನೆಗೆ ಬಂದು ಈ ವರದಿ ಒಪ್ಪಿಸಿದಾಗ ಕಾಕಾನ ಹೆಂಡತಿ, ನಮ್ಮ ಕಾಕು, ಅಕ್ಕಿ ಆರಿಸುತ್ತಿದ್ದವರು ತಲೆ ಕೂಡ ಎತ್ತಲಿಲ್ಲ.

"ಬ್ಯಾಳಿ ಬೇಯಾಕ ಸಿಹಿನೀರೇ ಬೇಕ್ರಿ. ನನ್ನ ಕೇಳಿದ್ರ ಮೊದಲೇ ಹೇಳತಿದ್ದೆ" ಎಂದರು.

ಎರಡನೆಯ ಆರೋಪಿ ರೇಡಿಯೇಟರು, ಅಂದರೆ ಕಾದ ನೀರನ್ನು ಗಾಳಿಗೊಡ್ಡಿ ಆರಿಸುವ ಮೂತಿಯ ಜಾಲರಿ. ಅದರೊಳಗೆ ಕಿಲುಬು ಹಿಡಿದಿರಬೇಕು. ಕಿಲುಬಿಗೆ ಮದ್ದು ಯಾವುದು? ಹುಣಸೆಹುಳಿ! ಕಾಕು ವರ್ಷಕ್ಕೆಂದು ಕಾಯ್ದಿಟ್ಟಿದ್ದ ಹುಣಸೆಹಣ್ಣು ಅರ್ಧ ಖಾಲಿಯಾಯಿತು. ಹುಳಿ ತುಂಬಿದ ಕಾರು ಎಂದಿನಂತೆ ಕಲ್ಮಲಾದ ಆಚೆ ನಿಂತಾಗ, ಹಬೆಯ ಘಮಲಿಗೆ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳೆಲ್ಲ ರಸ್ತೆಗೆ ಬಂದರು.

"ವಕೀಲ್ರ, ಸಾರು ಕಾಯಾಕತ್ತದ, ಒಗ್ಗರಣಿ ಯಾವಾಗ ಹಾಕ್ತೀರಿ?" ಎಂದು ಒಬ್ಬ ಅಜ್ಜಿ ಕೇಳಿಯೇಬಿಟ್ಟಳು. ಕಾಕಾ ಸತ್ಯವಂತರಲ್ಲವೇ? "ಇನ್ನೂ ಉಪ್ಪು ಹಾಕಿಲ್ಲ ಯವ್ವಾ" ಎಂದರು!

ಹೀಗೆ ಬೆಲ್ಟು, ಫ್ಯಾನು, ಎಣ್ಣೆ ಎಲ್ಲರೂ ಕಟಕಟೆ ಹತ್ತಿ ನಿರಪರಾಧಿಗಳಾಗಿ ಇಳಿದರು. ಪ್ರತಿ ಸಲವೂ ಕಾಕಾ ಎಂಜಿನ್ ಬಂದ್ ಮಾಡಿ, ಕನ್ನಡಕ ಒರೆಸಿಕೊಂಡು, ಒಂದೊಂದು ಭಾಗವನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅಪರಾಧಿ ಸಿಗಲೇ ಇಲ್ಲ.

ಅಷ್ಟರಲ್ಲಿ ದೇವದುರ್ಗದಿಂದ ಕಾಗದ ಬಂತು. ಕಾಕಾನ ಒಬ್ಬಳೇ ಮಗಳು, ನನಗೆ ತಂಗಿ, ಅಲ್ಲಿಗೆ ಸೊಸೆಯಾಗಿ ಹೋಗಿದ್ದಳು; ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕರೆದೊಯ್ಯಿರಿ ಎಂದು ಬೀಗರು ಬರೆದಿದ್ದರು. ಕಾಕಾ, ಕಾಕು, ಹ್ಯಾಂಡಲಿಗೆ ನಾನು, ಹಿಂದೆ ನಾಲ್ಕು ಕೊಡ ನೀರು. ಎತ್ತಿನ ಬಂಡಿಗಳಿಗೆ ದಾರಿ ಬಿಡುತ್ತ ನಿಧಾನ ಹೋಗಿ ಮುಟ್ಟಿದೆವು. ಊಟ ಉಪಚಾರವಾಯಿತು. ಹೊರಡುವಾಗ ಬೀಗತಿ ತಮ್ಮ ಮನೆತನದ ಕೂಸುಗಳೆಲ್ಲ ತೊಟ್ಟ ನಾಲ್ಕು ಬೆಳ್ಳಿ ಕಡಗಗಳನ್ನು ಕಾಕುವಿನ ಉಡಿಗೆ ಹಾಕಿದರು.

ಗಬ್ಬೂರು ದಾಟಿದ್ದೆವಷ್ಟೇ, ಹಿಂದಿನ ಸೀಟಿನಲ್ಲಿ ತಂಗಿ "ಯವ್ವಾ!" ಎಂದಳು. ಇನ್ನೂ ಹದಿನೈದು ದಿನ ಇದೆ ಎಂದುಕೊಂಡಿದ್ದ ನೋವು ಅಲ್ಲೇ ಶುರುವಾಗಿತ್ತು.

"ಜಲ್ದಿ ಹೊಡೀರಿ!" ಎಂದರು ಕಾಕು.

ಕಾಕಾ ಜೋರು ಬಿಟ್ಟರು. ಎರಡು ಮೈಲಿ. ಬುಸ್! ಎರಡು ಕೊಡ ನೀರು ಹಾಕಿದೆವು, ಮತ್ತೆ ಎರಡು ಮೈಲಿ, ಮತ್ತೆ ಬುಸ್! ನಿಧಾನ ಹೋದರೆ ಕಾರು ಕುದಿಯುವುದಿಲ್ಲ, ಆದರೆ ಕೂಸು ಕಾಯುವುದಿಲ್ಲ. ಸುತ್ತ ಕರಿನೆಲ, ಹತ್ತಿ ಗಿಡ. ಒಂದು ಮನೆ ಕಾಣಿಸುತ್ತಿರಲಿಲ್ಲ. ಉಳಿದದ್ದು ಎರಡು ಕೊಡ ನೀರು. ಒಂದನ್ನು ತುಂಬಿ ಹ್ಯಾಂಡಲ್ ತಿರುವಿದೆ. ಮಗಳು ಮತ್ತೆ ಚೀರಿದಳು. ಗಾಬರಿಯಲ್ಲಿ ಕಾಕಾ, ಬಾನೆಟ್ ಇನ್ನೂ ತೆರೆದಿರುವಾಗಲೇ, ಗಾಡಿಯನ್ನು ಗೇರಿಗೆ ಹಾಕುವುದನ್ನೂ ಮರೆತು ಪೆಡಲನ್ನು ಪೂರ್ತಿ ಒತ್ತಿಬಿಟ್ಟರು. ಎಂಜಿನ್ ನಿಂತಲ್ಲೇ ಅಬ್ಬರಿಸಿತು. ಬಾನೆಟ್ ಮುಚ್ಚಲು ಇಳಿದಿದ್ದ ಕಾಕು ಬಗ್ಗಿ ನೋಡಿದವರೇ ಕೂಗಿದರು.

"ಏನ್ರೀ! ಈ ಕೆಳಗಿನ ಪೈಪ ನೋಡ್ರಿ, ಹಲ್ಲಿಲ್ಲದ ಮುದುಕಿ ಗಲ್ಲದಂಗ ಒಳಗ ಹೋಗೇದ!"

ಕಾಕಾ ಪೆಡಲ್ ಬಿಟ್ಟು ಓಡಿ ಬಂದರು. ಪೈಪು ದುಂಡಗೆ, ನೆಟ್ಟಗೆ ಇತ್ತು.

"ಎಲ್ಲದ? ಛಲೋ ಅದಲ್ಲ!"

"ನೀವು ಬಂದ್ರ ಅದು ಸಾಧು ಆಗತದ! ಮತ್ತ ಒತ್ತರಿ, ಅವ ನೋಡ್ಲಿ."

ಕಾಕಾ ಒತ್ತಿದರು, ನಾನು ನೋಡಿದೆ. ರೇಡಿಯೇಟರಿನಲ್ಲಿ ಆರಿದ ನೀರನ್ನು ಎಂಜಿನ್ನಿಗೆ ಎಳೆಯುವ ಆ ರಬ್ಬರ್ ಪೈಪು ಯುದ್ಧದ ಕಾಲದ ಕಳಪೆ ಮಾಲು, ಹಣ್ಣಾಗಿ ಮೆತ್ತಗಾಗಿತ್ತು. ಎಂಜಿನ್ ಜೋರಾದಂತೆ ಪಂಪು ಜೋರಾಗಿ ಎಳೆಯುತ್ತಿತ್ತು, ಪೈಪು ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತಿತ್ತು, ನೀರಿನ ದಾರಿ ಬಂದ್! ನಿಂತರೆ ಮತ್ತೆ ದುಂಡಗೆ. ಇಷ್ಟು ದಿನ ನಿಂತ ಎಂಜಿನ್ನನ್ನೇ ನೋಡಿದವರಿಗೆ ಅದು ಸಿಗುವುದಾದರೂ ಹೇಗೆ?

"ತಪ್ಪು ಸಿಕ್ಕು ಏನು ಮಾಡೋದು? ಹೊಸ ಪೈಪ ಎಲ್ಲದ ಇಲ್ಲಿ?" ಎಂದರು ಕಾಕಾ.

ಕಾಕು ಆಗಲೇ ಉಡಿ ಬಿಚ್ಚುತ್ತಿದ್ದರು. "ಒಳಗ ಗಟ್ಟಿ ಕಡಗ ಇಟ್ರ ಅದು ಹ್ಯಾಂಗ ಮುಚ್ಚತದ?"

"ಅದು ಬೀಗರ ಮನೆತನದ ಕಡಗ! ಅವರ ಒಪ್ಪಿಗಿ ಬ್ಯಾಡೇನು?"

"ಅವ್ರ ಮೊಮ್ಮಗು ಹೊಂಟು ನಿಂತದ, ಅದರ ಒಪ್ಪಿಗಿ ಬಂದದ! ಪೈಪ ಬಿಚ್ಚರಿ!"

ಪೈಪು ಬಿಗಿದಿದ್ದ ಪಟ್ಟಿಯ ಸ್ಕ್ರೂ ನಾನು ಸಡಿಲಿಸಿದೆ. ಕಾಕಾ ಮುಂದಾಗುವಷ್ಟರಲ್ಲಿ ಕಾಕುವೇ ಪೈಪು ಎಳೆದು, ಕಡಗಗಳ ಬಾಯಿ ಒತ್ತಿ ಕಿರಿದು ಮಾಡಿ, ನಾಲ್ಕನ್ನೂ ಒಂದರ ಹಿಂದೊಂದು ಒಳಗೆ ತಳ್ಳಿದರು. ಪೈಪು ಮತ್ತೆ ಸಿಕ್ಕಿಸಿ, ಕೊನೆಯ ಕೊಡ ಸುರಿದು ಹೊರಟೆವು.

ಅದೇನು ಓಟ! ಎದುರಿನ ಬಂಡಿಗಳು ಹೊಲಕ್ಕೆ ಇಳಿದವು, ಕೋಳಿಗಳು ಮಾಳಿಗೆ ಹತ್ತಿದವು. ಕಲ್ಮಲಾ ಬಂತು, ಹೋಯಿತು. ಹಬೆಯಿಲ್ಲ! ಕಾಕಾ ಕಿಟಕಿಯಿಂದ ತಲೆ ಹೊರಗೆ ಹಾಕಿ "ಸರೀರಿ, ಸರೀರಿ, ನನ್ನ ಖಟ್ಲೆ ಗೆದ್ದದ!" ಎಂದು ದಾರಿಹೋಕರಿಗೆಲ್ಲ ಕೂಗುತ್ತಿದ್ದರು. ಮಗಳು ನೋವಿನ ನಡುವೆಯೂ ಒಮ್ಮೆ ನಕ್ಕಳು.

ದವಾಖಾನೆ ಮುಟ್ಟಿ ಅರ್ಧ ಗಂಟೆಯಲ್ಲಿ ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಕ್ಷೇಮ ಎಂದು ನರ್ಸಮ್ಮ ಬಂದು ಹೇಳಿದರು. ನಾನು ಕುಣಿಯುವುದೊಂದು ಬಾಕಿ. ಕಾಕಾನ ಕಡೆ ತಿರುಗಿದೆ. ಅವರು ಮೆಟ್ಟಿಲ ಮೇಲೆ ಕಾಕುವಿನ ಬಲಗೈಯನ್ನೇ ನೋಡುತ್ತ ನಿಂತಿದ್ದರು. ಅಂಗೈ ತುಂಬ ಬೊಬ್ಬೆ. ಕುದಿಯುವ ಪೈಪನ್ನು ಬರಿಗೈಲಿ ಎಳೆದಾಗ ಆದದ್ದು. ದಾರಿಯುದ್ದಕ್ಕೂ ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, ಎಡಗೈಯಿಂದ ಮಗಳ ತಲೆ ಸವರುತ್ತ ಬಂದಿದ್ದರು. ಒಂದು ಸಲವೂ ಹಾ ಎಂದಿರಲಿಲ್ಲ.

ಕಾಕಾ ಅವರನ್ನು ನಲ್ಲಿಯ ಹತ್ತಿರ ಕರೆದೊಯ್ದು, ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ತಣ್ಣೀರಿನ ಕೆಳಗೆ ಇಟ್ಟರು. ಅಂಗಳದಲ್ಲಿ ಹತ್ತಾರು ಜನ. ಗಂಡ ಹೆಂಡತಿಯ ಕೈ ಮುಟ್ಟುವುದನ್ನು ಯಾರೂ ನೋಡಿರದ ಕಾಲ.

"ಬಿಡ್ರಿ, ಮಂದಿ ನೋಡಾಕತ್ತಾರ" ಎಂದರು ಕಾಕು.

ಕಾಕಾ ಬಿಡಲಿಲ್ಲ. "ನೋಡ್ಲಿ" ಎಂದರು.