ಭೂತಕಾಲದಲ್ಲಿ ಎರಡು ಕೊಠಡಿ

೧೯೭೮ನೇ ಇಸವಿ ಜುಲೈ ಹದಿನಾಲ್ಕು, ಶುಕ್ರವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಕೆಂಬತ್ತನಹಳ್ಳಿ ಪ್ರೌಢಶಾಲೆಯ ಎರಡು ಕೊಠಡಿಗಳು ಇಂಗ್ಲಿಷಿನಲ್ಲಿ ಪೂರ್ಣಗೊಂಡವು.

ಅಲ್ಲಿಯವರೆಗೆ ಶಾಲೆ ನಡೆಯುತ್ತಿದ್ದುದು ಚನ್ನರಾಯಪ್ಪನವರು ರೇಷ್ಮೆಹುಳು ಸಾಕುವ ಮನೆಯಲ್ಲಿ. ಒಂದು ಕಡೆ ತಟ್ಟೆಗಳಲ್ಲಿ ಹುಳು, ಇನ್ನೊಂದು ಕಡೆ ಚಾಪೆಯ ಮೇಲೆ ಎಂಟನೇ ತರಗತಿ. ಹುಳುಗಳಿಗೆ ವಾಸನೆ ಆಗಿಬರುವುದಿಲ್ಲವಾದ್ದರಿಂದ ತಲೆಗೆ ಘಮಘಮ ಎಣ್ಣೆ ಹಚ್ಚಿದವರಿಗೆ ಪ್ರವೇಶವಿರಲಿಲ್ಲ. ಹುಳು ಜ್ವರಕ್ಕೆ ಕೂತು ಪೊರೆ ಬಿಡುವ ದಿನಗಳಲ್ಲಿ ಮಗ್ಗಿಯನ್ನು ತುಟಿಯಲ್ಲೇ ಹೇಳಬೇಕಿತ್ತು. ಇಂಗ್ಲಿಷ್ ಮೇಡಂ ಶ್ಯಾಮಲಮ್ಮ ಮುಳಬಾಗಿಲಿನಿಂದ ಬಂದವರು, ಬಿ.ಎ., ಬಿ.ಎಡ್.; ನಾಲ್ಕು ವರ್ಷ ಪಿಸುದನಿಯಲ್ಲೇ ಪಾಠ ಮಾಡಿ ಮಾಡಿ, ಈಗ ಗಂಡನನ್ನು ಬೈಯುವಾಗಲೂ ಪಿಸುಗುಡುತ್ತಿದ್ದರು.

"ಮುಂದಿನ ತಿಂಗಳಿಂದ ಜಾಗ ಇಲ್ಲ ಮೇಡಮ್ಮ," ಎಂದು ಚನ್ನರಾಯಪ್ಪ ಹೇಳಿಬಿಟ್ಟಿದ್ದರು. "ನನ್ನ ಹುಳ ಇಪ್ಪತ್ತೆಂಟು ದಿನಕ್ಕೆ ಪಾಸಾಗಿ ಗೂಡು ಕಟ್ತವೆ. ನಿಮ್ಮ ಮಕ್ಕಳು ಮೂರು ವರ್ಷ ಆದ್ರೂ ಕದಲಲ್ಲ."

ಸ್ವಂತ ಕೊಠಡಿ ಇಲ್ಲದ ಶಾಲೆಯನ್ನು ಹುತ್ತೂರಿನ ಶಾಲೆಗೆ ಸೇರಿಸಿ ಮುಚ್ಚತಕ್ಕದ್ದು ಎಂಬ ನಿಯಮವಿತ್ತು. ಹುತ್ತೂರು ಆರು ಮೈಲಿ. ಹುಡುಗರು ಹೇಗೋ ಹೋದಾರು. ಹನ್ನೊಂದು ಹೆಣ್ಣುಮಕ್ಕಳನ್ನು ಮಾತ್ರ ಯಾರೂ ಕಳಿಸುವವರಿರಲಿಲ್ಲ. ತರಗತಿಗೆ ಮೊದಲಿಗಳಾದ ಆದಿಲಕ್ಷ್ಮಿಗೆ ಮನೆಯಲ್ಲಿ ಆಗಲೇ ಗಂಡು ನೋಡುತ್ತಿದ್ದರು.

ಹೀಗಾಗಿ ಶ್ಯಾಮಲಮ್ಮ ಕೊಠಡಿ ನಿರ್ಮಾಣ ಉಪಸಮಿತಿಗೆ ಹನ್ನೊಂದು ಅರ್ಜಿ ಕೊಟ್ಟಿದ್ದರು. ಓವರ್‌ಸಿಯರ್ ಲಕ್ಷ್ಮೀನಾರಾಯಣ ಹನ್ನೊಂದು ಸಲವೂ ನಗುನಗುತ್ತಲೇ "ಆಯ್ತಮ್ಮ, ಆಯ್ತು" ಎಂದಿದ್ದರು. ಆ ಶುಕ್ರವಾರ ಅವರು ಸ್ಥಳ ಪರಿಶೀಲನೆಗೆ ಬಂದಾಗ ಇಂಗ್ಲಿಷಿನ ಭೂತಕಾಲದ ಪಾಠ ನಡೆದಿತ್ತು.

"ಸಾರ್, ಇದೇ ಹೊಂಗೆಮರದ ಪಕ್ಕ ಎರಡು ರೂಮು ಕಟ್ಟಿಸಿಕೊಡಿ," ಎಂದರು ಶ್ಯಾಮಲಮ್ಮ, ಹೊರಗೆ ಕೈ ತೋರಿಸಿ, ಮಕ್ಕಳೆದುರಿಗೇ.

"ಆಯ್ತಮ್ಮ, ಆಯ್ತು."

ಆದಿಲಕ್ಷ್ಮಿ ಎದ್ದು ನಿಂತಳು. "ಮೇಡಂ, 'ಆಯ್ತು' ಯಾವ ಕಾಲ?"

ವ್ಯಾಕರಣದ ವಿಷಯದಲ್ಲಿ ಸುಳ್ಳು ಹೇಳಿ ಶ್ಯಾಮಲಮ್ಮನವರಿಗೆ ಅಭ್ಯಾಸವಿರಲಿಲ್ಲ. "ಭೂತಕಾಲ ಕಣೇ."

"ಹಂಗಾದ್ರೆ ಬಿಲ್ಡ್ ಅಲ್ಲ, ಬಿಲ್ಟ್."

ಮೂವತ್ತೆಂಟು ಮಕ್ಕಳೂ ಬರೆದರು: ದಿ ಓವರ್‌ಸಿಯರ್ ಬಿಲ್ಟ್ ಟೂ ರೂಮ್ಸ್. ಕಾಗುಣಿತದ ತಪ್ಪಿರಲಿಲ್ಲ. ಶ್ಯಾಮಲಮ್ಮ ಮೂವತ್ತೆಂಟು ಪುಸ್ತಕಕ್ಕೂ ಕೆಂಪು ಶಾಯಿಯಲ್ಲಿ 'ಸರಿ' ಹಾಕಿ, ನಿಯಮದಂತೆ ಸಹಿ ಮಾಡಿ ತಾರೀಕು ನಮೂದಿಸಿದರು. ಓವರ್‌ಸಿಯರ್ ಒಂದು ಪುಸ್ತಕ ಎತ್ತಿ ಓದಿದರು. ಇನ್ನೊಮ್ಮೆ ಓದಿದರು. "ಎಂಥಾ ಅಕ್ಷರ! ಸಮಿತಿಗೆ ತೋರಿಸಿ ತರ್ತೀನಿ," ಎಂದು ಎಲ್ಲವನ್ನೂ ಜೀಪಿಗೆ ಹಾಕಿಕೊಂಡು ಹೋದರು.

ಅದಾದ ಎರಡನೇ ವಾರದಲ್ಲಿ ಪ್ರಕಟಣೆ ಬಂತು. ಕಾಮಗಾರಿ ತೃಪ್ತಿಕರವಾಗಿ ಮುಗಿದಿರುವುದನ್ನು ಮೂವತ್ತೆಂಟು ಫಲಾನುಭವಿಗಳು ಸ್ವಹಸ್ತದಿಂದ ದೃಢೀಕರಿಸಿದ್ದು, ಸದರಿ ದೃಢೀಕರಣವನ್ನು ಶಿಕ್ಷಕಿಯೊಬ್ಬರು ಪರಿಶೀಲಿಸಿ 'ಸರಿ' ಎಂದಿರುವುದರಿಂದ, ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ಶ್ಯಾಮಲಮ್ಮ ಅಂದೇ ಬಸ್ಸು ಹಿಡಿದು ಸಮಿತಿಯ ಕಚೇರಿಗೆ ಹೋದರು.

"ಸಾರ್, ವಾಕ್ಯ ಸರಿ. ಸಂಗತಿ ತಪ್ಪು."

"ನಮಗೆ ವಾಕ್ಯ ಸಾಕಮ್ಮ," ಎಂದರು ಲಕ್ಷ್ಮೀನಾರಾಯಣ, ಕುರ್ಚಿ ತೋರಿಸಿ, ಕಾಫಿ ತರಿಸಿ. "ರೂಮು ಇಲ್ಲ ಅಂತ ಬರೆದುಕೊಡಿ, ಬೇಡ ಅನ್ನಲ್ಲ. ರೂಮಿಲ್ಲದ ಸ್ಕೂಲು ನಾಳೆನೇ ಮುಚ್ಚಬೇಕಾಗ್ತದೆ. ಇದೆ ಅಂದ್ರೆ ನಿಮ್ಮ ಸ್ಕೂಲಿಗೆ ಯಾರೂ ಕೈಹಚ್ಚೋ ಹಾಗಿಲ್ಲ. ಹೇಳಿ, ಇದೆಯೋ ಇಲ್ಲವೋ?"

ಶ್ಯಾಮಲಮ್ಮ ಹನ್ನೊಂದು ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಒಬ್ಬೊಬ್ಬರಾಗಿ ನೆನೆದರು.

"ಇದೆ," ಎಂದರು, ಪಿಸುದನಿಯಲ್ಲಿ.

"ನೋಡಿದ್ರಾ! ಗಾಳಿ ಬೆಳಕು ಚೆನ್ನಾಗಿದೆ ತಾನೆ?"

"ಧಾರಾಳವಾಗಿದೆ."

ಆಗಸ್ಟ್ ಒಂದರಂದು ಹೊಂಗೆಮರದ ಪಕ್ಕ ಸುಣ್ಣದ ಗೆರೆ ಎಳೆದು ಗೃಹಪ್ರವೇಶವಾಯಿತು. ಚನ್ನರಾಯಪ್ಪನವರೇ ತಮ್ಮ ಮನೆ ಖಾಲಿಯಾದ ಸಂತೋಷಕ್ಕೆ ಮಾವಿನ ತೋರಣ ತಂದರು. ಕಟ್ಟಲು ಜಾಗವಿಲ್ಲದೆ ಕೊನೆಗೆ ಇಬ್ಬರು ಎತ್ತರದ ಹುಡುಗರಿಗೆ ಹಿಡಿದು ನಿಲ್ಲಲು ಹೇಳಲಾಯಿತು. ಉಪಸಮಿತಿ ಕಟ್ಟಡದ ನಿಯಮಾವಳಿಯನ್ನೂ ಕಳಿಸಿತ್ತು. ಮಕ್ಕಳು ಬಾಗಿಲಿನಿಂದಲೇ ಬಂದು ಹೋಗತಕ್ಕದ್ದು. ಪಾಠದ ವೇಳೆ ಗೋಡೆಯಾಚೆ ನೋಡಕೂಡದು. ಮಳೆಗಾಲದಲ್ಲಿ ಪುಸ್ತಕ ನೆನೆದರೆ ಅದನ್ನು ಕಿಟಕಿ ಹಾಕದ ಅಲಕ್ಷ್ಯವೆಂದು ಪರಿಗಣಿಸಲಾಗುವುದು.

ಮೊದಲ ವಾರ ಸ್ವಲ್ಪ ಗೊಂದಲವಾಯಿತು. ಗೋಡೆಯೊಳಗಿಂದ ಹಾದು ಬಂದ ಮೂವರನ್ನು ಶ್ಯಾಮಲಮ್ಮ ಹೊರಗೆ ನಿಲ್ಲಿಸಿದರು. ಒಳಗೆ ಇದ್ದಷ್ಟೇ ಬಿಸಿಲು ಅಲ್ಲೂ ಇತ್ತು. "ಲೇ, ನನ್ನ ಕಾಲು ಹೊಸ್ತಿಲಿಗೆ ಎಡವಿತು ಕಣೋ," ಎಂದು ಒಬ್ಬ ಗೇಲಿ ಮಾಡಿದ. ತಿಂಗಳು ಕಳೆಯುವಷ್ಟರಲ್ಲಿ ಚನ್ನರಾಯಪ್ಪನವರ ಎಮ್ಮೆಯೂ ಸುತ್ತು ಹಾಕಿಕೊಂಡು ಹೋಗುವುದನ್ನು ಕಲಿತಿತ್ತು. ಆದಿಲಕ್ಷ್ಮಿಯ ಮನೆಯವರು, ಪಕ್ಕಾ ಕಟ್ಟಡವಾಯಿತಲ್ಲ, ಎಸ್ಸೆಸ್ಸೆಲ್ಸಿ ಮುಗಿಸಲಿ ಎಂದು ಗಂಡು ನೋಡುವುದನ್ನು ಮುಂದಕ್ಕೆ ಹಾಕಿದರು.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಪಾಠದ ನಡುವೆ ದಪ್ಪ ಹನಿ ಬಿತ್ತು. ಶ್ಯಾಮಲಮ್ಮ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಆದಿಲಕ್ಷ್ಮಿ, ಕಿಟಕಿ ಹಾಕು."

ಆದಿಲಕ್ಷ್ಮಿ ಎದ್ದು, ಎಡಗಡೆ ಗೋಡೆಯವರೆಗೆ ನಡೆದು, ಎರಡೂ ಕೈ ಚಾಚಿ ಎಳೆದು, ಚಿಲಕ ಸಿಕ್ಕಿಸಿ ಬಂದು ಕೂತಳು. ಜಡೆಯಿಂದ ನೀರು ಇಳಿಯುತ್ತಿತ್ತು.

"ಹಾಕಿದೆ ಮೇಡಂ."

"ಯಾವ ಕಾಲ?"

"ಭೂತಕಾಲ ಮೇಡಂ."

"ಸರಿ," ಎಂದರು ಶ್ಯಾಮಲಮ್ಮ.