ನೊಣ ಕೂರುವಷ್ಟು ಜಾಗ

ಬೆಳಗಿನ ತ್ರಿಕೋನದೊಳಗೆ ಒಂದು ಊರು, ಅದರ ಕೆರೆ, ಸುಡುಗಾಡು ಎಲ್ಲ ಸೇರಿ ಹಿಡಿಸುವಷ್ಟು ಜಾಗವಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಒಂದು ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಲೆಕ್ಕ ಹಾಕಿದರೆ ನಕಾಶೆಯ ಮೇಲೆ ಒಂದು ಗೆರೆ ಸಿಗುತ್ತದೆ. ಮೂರು ನಕ್ಷತ್ರಕ್ಕೆ ಮೂರು ಗೆರೆ; ಮೂರೂ ಕೂಡಿದಲ್ಲಿ ಹಡಗು. ಆದರೆ ಅವು ಕೂಡುವುದಿಲ್ಲ. ಹಡಗು ಕುಲುಕುತ್ತದೆ, ಕೈ ನಡುಗುತ್ತದೆ, ಗೆರೆಗಳು ಪಾಲಾದ ಅಣ್ಣತಮ್ಮಂದಿರ ಹಾಗೆ ಮುಖ ತಪ್ಪಿಸಿಕೊಂಡು ಹೋಗಿ ನಡುವೆ ಒಂದು ತ್ರಿಕೋನ ಬಿಡುತ್ತವೆ.

"ಇದ್ರಲ್ಲಿ ನಮ್ಮ ಹಡಗು ಎಲ್ಲಿದೆಯಪ್ಪ? ಹುಡುಕೋಕೆ ಇನ್ನೊಂದು ಹಡಗು ಕಳಿಸ್ಬೇಕು," ಎಂದರು ಕ್ಯಾಪ್ಟನ್. "ಸಂಜೆ ಮತ್ತೆ ಮಾಡು. ನೊಣ ಕೂತ್ರೆ ತ್ರಿಕೋನ ಮುಚ್ಚಿಹೋಗ್ಬೇಕು. ಆಗ ಸಹಿ."

ತರಬೇತಿಗೆಂದು ಹಡಗು ಹತ್ತಿದವನಿಗೆ ತುಕ್ಕು ಕೆರೆಯುವ ಕೆಲಸವನ್ನೇ ಕೊಟ್ಟಿದ್ದರಿಂದ ಎಲ್ಲರೂ ಅವನನ್ನು ತುಕ್ಕಪ್ಪ ಎನ್ನುತ್ತಿದ್ದರು. ತರಬೇತಿ ಮುಗಿಯಿತೆಂಬ ಸಹಿ ಸಿಕ್ಕರೆ ನಾಳೆ ಬಂದರಿನಲ್ಲಿ ಇಳಿದು ಮನೆಗೆ. ಸಿಗದಿದ್ದರೆ ಇನ್ನೊಂದು ಪಯಣ, ಅದೇ ತುಕ್ಕು. ಮನೆಯಲ್ಲಿ ಮಗಳಿಗೆ ಹಲ್ಲು ಬಂದಿತ್ತು, ಅಪ್ಪ ಬಂದಿರಲಿಲ್ಲ.

ಹಗಲೆಲ್ಲ ಅವನು ತುಕ್ಕು ಕೆರೆದ, ಉಳಿದವರು ಸಲಹೆ ಕೊಟ್ಟರು. ಹೊಟ್ಟೆ ತುಂಬ ಉಂಡರೆ ಕೈ ನಡುಗದು ಎಂದ ಅಡುಗೆಯವನು, ಉಂಡದ್ದರಿಂದಲೇ ನಡುಗಿದ್ದು ಎಂದ ಇಂಜಿನಿಯರ್. ಸೆಕೆಂಡ್ ಆಫೀಸರ್ ಮಾತ್ರ ಹತ್ತಿರ ಬಂದು ದನಿ ತಗ್ಗಿಸಿದ.

"ಜಿಪಿಎಸ್ ನೋಡಿ ಚುಕ್ಕಿ ಇಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡು. ನಾನು ಪಾಸಾದದ್ದೇ ಹಾಗೆ. ಸಣ್ಣ ತ್ರಿಕೋನ ಬಿಡೋದು ಮರೀಬೇಡ."

ಸುಳ್ಳು ಲೆಕ್ಕ ತನ್ನ ಕೈಲಿ ಆಗದು ಎಂದ ತುಕ್ಕಪ್ಪ. ಸೆಕೆಂಡ್ ಆಫೀಸರ್ ಅಯ್ಯೋ ಪಾಪ ಎಂಬಂತೆ ನೋಡಿ ಹೋದ.

ಸಂಜೆ ಸಮುದ್ರ ಎಣ್ಣೆ ಸುರಿದಂತೆ ಮಲಗಿತ್ತು. ತುಕ್ಕಪ್ಪ ಮೂರು ನಕ್ಷತ್ರ ಅಳೆದ, ಗುಣಿಸಿದ, ಕಳೆದ, ಗೆರೆ ಎಳೆದ. ಮೂರೂ ಒಂದೇ ಬಿಂದುವಿನಲ್ಲಿ ಕೂಡಿದವು. ನಂಬಿಕೆ ಬಾರದೆ ಪೆನ್ಸಿಲ್ ಚೂಪು ಮಾಡಿ ಮತ್ತೆ ಎಳೆದ. ಆಗಲೂ ಕೂಡಿದವು.

ಕ್ಯಾಪ್ಟನ್ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಮೂವತ್ತು ವರ್ಷದಲ್ಲಿ ನನಗೆ ಒಂದ್ಸಲಾನೂ ಹೀಗೆ ಕೂಡಿಲ್ಲ."

ತುಕ್ಕಪ್ಪ ನಾಚಿಕೊಂಡ. ಅದು ಹೊಗಳಿಕೆಯಾಗಿರಲಿಲ್ಲ.

"ಜಿಪಿಎಸ್ ನೋಡಿ ಬರೆದಿದ್ದೀಯ."

"ಇಲ್ಲ ಸಾರ್. ಸಮುದ್ರ ಶಾಂತವಾಗಿತ್ತು."

"ನನಗೂ ಎಷ್ಟೋ ಸಲ ಶಾಂತವಾಗಿತ್ತು. ಹೋಗು, ನಿಜವಾದ ಲೆಕ್ಕ ತಗೊಂಡು ಬಾ."

ಮೇಲಿನವನಿಗೆ ಒಲಿಯದ್ದು ತುಕ್ಕು ಕೆರೆಯುವವನಿಗೆ ಒಲಿದರೆ ಅದು ಕಳವೇ ಆಗಿರಬೇಕು. ಹಡಗಿನ ಕಾನೂನು ಅದು. ನೆಲದ ಮೇಲೂ ಬೇರೆಯದನ್ನು ಯಾರೂ ಕಂಡಿಲ್ಲ.

ತುಕ್ಕಪ್ಪ ಪಕ್ಕದ ಕೋಣೆಗೆ ಹೋಗಿ ಒಂದು ಗೆರೆ ಅಳಿಸಿ, ಅಕ್ಕಿಕಾಳಿನಷ್ಟು ಸರಿಸಿ ಎಳೆದ. ಹುಟ್ಟಿದಾಗಿನಿಂದ ಅವನು ಮಾಡಿದ ಮೊದಲ ಮೋಸ. ಈ ಸಲ ಕೈ ನಡುಗಲೇ ಇಲ್ಲ.

ತ್ರಿಕೋನ ಕಂಡದ್ದೇ ಕ್ಯಾಪ್ಟನ್ ಮುಖ ಅರಳಿತು. "ನೋಡು, ಇದು ಪ್ರಾಮಾಣಿಕ ಕೆಲಸ," ಎನ್ನುತ್ತ ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಅಡುಗೆಮನೆ ಕಡೆಯಿಂದ ಒಂದು ನೊಣ ಹಾರಿಬಂದು, ನಕಾಶೆಯ ಮೇಲೆ ಎರಡು ಸುತ್ತು ಸುತ್ತಿ, ತ್ರಿಕೋನದ ನಟ್ಟನಡುವೆ ಕೂತಿತು. ಮೂರು ಮೂಲೆಗಳೂ ಹೊರಗೇ ಉಳಿದವು.

ಕ್ಯಾಪ್ಟನ್ ಬಗ್ಗಿ ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು.

"ಪ್ರಾಮಾಣಿಕ ಹೌದು. ಆದ್ರೆ ದೊಡ್ಡದಾಯ್ತು."