ಹಲ್ಲಣ್ಣ ಜನರೇಟರಿಗೆ ಬೀಗ ಹಾಕಿದ್ದು

ಜಗಳ ಹುಟ್ಟಿದ್ದು ಒಂದು ಬಿಳಿ ಅಂಗಿಯಿಂದ.

ಹಿಂದಿನ ದಿನ ಒಗೆದು ಬಾಲ್ಕನಿಯ ತಂತಿಗೆ ಹಾಕಿದ್ದ ಅಂಗಿಯನ್ನು ಬೆಳಿಗ್ಗೆ ತೆಗೆದು ನೋಡಿದರೆ ಬೆನ್ನ ತುಂಬ ಕಪ್ಪು ಮಸಿ. ಹಲ್ಲಣ್ಣ ಅದನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ತರುವವನಂತೆ ತಿಂಡಿಯ ಮೇಜಿನವರೆಗೂ ತಂದ.

"ಇದನ್ನ ಹಾಕ್ಕೊಂಡು ನಾನು ಡಾಕ್ಟರ ಹತ್ರ ಹೇಗೆ ಹೋಗ್ಲಿ? ಇದ್ದಿಲು ಮೂಟೆ ಹೊರೋನು ಅಂದ್ಕೋತಾರೆ!"

ಹಲ್ಲಣ್ಣ ಎಂಬುದು ಅವನ ಹೆಸರಲ್ಲ, ಕಸುಬು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಹಲ್ಲಿನ ಸೆಟ್ಟು ತಯಾರಿಸುತ್ತಿದ್ದ. ಮನೆಯ ಹಿಂದಿನ ಕೋಣೆಯೇ ಅವನ ಕಾರ್ಖಾನೆ, ಹಲ್ಲು ಸುಡುವ ಕರೆಂಟಿನ ಪುಟ್ಟ ಕುಲುಮೆಯೂ ಅಲ್ಲೇ. ಆ ಕೋಣೆಯ ಕಿಟಕಿಯ ನೇರ ಕೆಳಗೆ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ, ಇಡೀ ಕಟ್ಟಡಕ್ಕೆ ಸೇರಿದ ಡೀಸೆಲ್ ಜನರೇಟರು ಕೂತಿತ್ತು. ಕರೆಂಟು ಹೋದಾಗಲೆಲ್ಲ ಅದು ಸಿಗರೇಟು ಚಟದ ಮುದುಕನ ಹಾಗೆ ಕೆಮ್ಮಿ, ಕ್ಯಾಕರಿಸಿ, ಮೈ ಕೊಡವಿ ಎದ್ದು, ಹೊಗೆಯನ್ನೆಲ್ಲ ಹಲ್ಲಣ್ಣನ ಕೋಣೆಗೇ ಬಿಡುತ್ತಿತ್ತು. ಅವನು ಮಾಡಿಕೊಟ್ಟ ಸೆಟ್ಟು ಹಾಕಿಕೊಂಡ ಕೆಲವರು "ಯಾಕೋ ಊಟವೆಲ್ಲ ಬಸ್‌ಸ್ಟ್ಯಾಂಡಿನ ವಾಸನೆ" ಎಂದು ದೂರಿದ್ದೂ ಉಂಟು.

ಮಗಳು ಬ್ರೆಡ್ಡು ತಿನ್ನುತ್ತಲೇ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಎಣ್ಣೆ, ಕಲ್ಲಿದ್ದಲು ಉರಿಸುವುದನ್ನು ನಿಲ್ಲಿಸಿ ಎಂದು ರಸ್ತೆ ತಡೆಯುವ ಗುಂಪಿಗೆ ಸೇರಿ ಅವಳಿಗೆ ಕೆಲವು ತಿಂಗಳಾಗಿತ್ತು. ಅಂದು ದೊಡ್ಡ ಸರ್ಕಲ್ಲಿನಲ್ಲಿ ಕೂರುವ ಕಾರ್ಯಕ್ರಮ.

"ನೀನು ರಸ್ತೇಲಿ ಕೂತ್ರೆ ಯಾರಿಗೇನು ಬಂತು? ಕೆಲಸಕ್ಕೆ ಹೋಗೋರಿಗೆ ತೊಂದ್ರೆ, ಅಷ್ಟೇ," ಎಂದ ಹಲ್ಲಣ್ಣ. ಅಂಗಿಯ ಮೇಲಿನ ಸಿಟ್ಟು ಅತ್ತ ತಿರುಗಿತ್ತು.

"ನೀನು ಯಾರಿಗೂ ತೊಂದ್ರೆ ಕೊಡದೇನೇ ಇಷ್ಟು ವರ್ಷ ಗೊಣಗಿದೆಯಲ್ಲಪ್ಪ, ಹೊಗೆ ನಿಂತಿತಾ? ಪ್ರಪಂಚ ನನಗೆ ಬಿಡು. ನಿನ್ನ ಕಿಟಕಿ ಕೆಳಗಿರೋ ಒಂದೇ ಒಂದು ಜನರೇಟರ್ ನಿಲ್ಲಿಸು ನೋಡೋಣ!"

ಮಗಳ ಮಾತನ್ನಾದರೂ ಅವನು ನುಂಗಿಕೊಳ್ಳುತ್ತಿದ್ದನೇನೋ. ಆದರೆ ಹೆಂಡತಿ ಕಾಫಿ ಲೋಟದೊಳಗೇ ಕಿಸಕ್ಕನೆ ನಕ್ಕಳು. ಆ ನಗು ಅವನ ಮರ್ಮಕ್ಕೆ ತಾಗಿತು.

ಮಗಳು ಹೋದ ಮೇಲೆ ನೋಡಿದರೆ, ಬಾಗಿಲ ಹಿಂದಿನ ಮೊಳೆಯಲ್ಲಿ ಅವಳ ಗುಂಪಿನ ಸರಪಳಿ ನೇತಾಡುತ್ತಿತ್ತು. ಗೇಟುಗಳಿಗೆ ತಮ್ಮನ್ನು ಬಿಗಿದುಕೊಳ್ಳಲು ಅವರು ಇಟ್ಟುಕೊಂಡದ್ದು. ತುದಿಯಲ್ಲಿ ಬಾಯಿ ತೆರೆದ ಬೀಗ. ಹಲ್ಲಣ್ಣ ಅದನ್ನು ಹೆಗಲಿಗೆ ಹಾಕಿಕೊಂಡು, ಮಸಿ ಹಿಡಿದ ಅದೇ ಅಂಗಿ ತೊಟ್ಟು, ದಡದಡ ಮೆಟ್ಟಿಲಿಳಿದ. ಸರಪಳಿಯನ್ನು ತನ್ನ ಸೊಂಟಕ್ಕೆ ಸುತ್ತಿ, ಜನರೇಟರಿನ ಸ್ವಿಚ್ಚುಗಳಿದ್ದ ಪೆಟ್ಟಿಗೆಯ ಹಿಡಿಯೊಳಗೆ ತೂರಿಸಿ, ಬೀಗ ಒತ್ತಿದ. ಬೀಗ ಟಕ್ಕೆಂದಿತು.

ಆ ಟಕ್ಕಿನ ಹಿಂದೆಯೇ ಅವನಿಗೆ ಹೊಳೆಯಿತು: ಕೀಲಿ ಮಗಳ ಜೇಬಿನಲ್ಲಿದೆ.

ಫೋನು ಮಾಡಿದ. ಸ್ವಿಚ್ ಆಫ್. ಚಳವಳಿಗೆ ಹೋಗುವಾಗ ಅವರೆಲ್ಲ ಫೋನು ಎಲ್ಲೋ ಇಟ್ಟು ಹೋಗುತ್ತಿದ್ದರು. ಸರಿ, ಸಂಜೆಯವರೆಗೆ ಕೂತರಾಯಿತು, ಯಾರು ನೋಡುತ್ತಾರೆ ಎಂದುಕೊಂಡ. ಅಷ್ಟರಲ್ಲಿ ಕರೆಂಟು ಹೋಯಿತು.

ಮೇಲಿನ ಮನೆಗಳಲ್ಲಿ ಫ್ಯಾನುಗಳು ನಿಂತವು. ಮಿಕ್ಸಿಗಳು ಅರ್ಧ ರಾಗದಲ್ಲಿ ಸುಮ್ಮನಾದವು. ಪಕ್ಕದ ಗೋಡೆಯೊಳಗೆ ಇಳಿಯುತ್ತಿದ್ದ ಲಿಫ್ಟು ನೆಲ ಮುಟ್ಟಲು ಇನ್ನೂ ಒಂದಾಳೆತ್ತರ ಇರುವಾಗ ಗಕ್ಕೆಂದು ನಿಂತಿತು. ಒಳಗಿನಿಂದ ಹೆಂಗಸಿನ ದನಿಯೊಂದು ಗುಡುಗಿತು: "ಏನ್ರೋ ಇದು ಅವಫ್ಥೆ! ಯಾರಾದ್ರೂ ಇದೀರೇನ್ರೋ!"

ಅದು ಕಟ್ಟಡದ ಸಂಘದ ಸೆಕ್ರೆಟರಿಗಳ ಅತ್ತೆಯವರ ದನಿ. ಅವರ ಹಲ್ಲಿನ ಸೆಟ್ಟು ರಿಪೇರಿಗೆಂದು ಹಲ್ಲಣ್ಣನ ಬಳಿ ಇತ್ತು. ಅವನು ಕೆಳಗಿಳಿದದ್ದು ಕಂಡು, ಅದನ್ನು ಕೇಳಲೆಂದೇ ಅವರೂ ಇಳಿಯುತ್ತಿದ್ದರು. ಹಲ್ಲಿಲ್ಲದ ಬಾಯಲ್ಲಿ ಸಕಾರ ಶಕಾರವೆಲ್ಲ ಫಕಾರವಾಗಿ ಹೊರಬರುತ್ತಿತ್ತು.

ಸೆಕ್ರೆಟರಿಗಳು ಜನರೇಟರ್ ಹಚ್ಚಲು ಚಪ್ಪಲಿ ಎಳೆಯುತ್ತ ಓಡಿ ಬಂದರು. ಬಂದವರು ಹಾಗೇ ನಿಂತರು.

"ಏನ್ರೀ ಇದು ಹಲ್ಲಣ್ಣ? ಏಳಿ, ಪೆಟ್ಟಿಗೆ ತೆಗೀಬೇಕು."

"ಏಳಲ್ಲ. ಇವತ್ತಿಂದ ಇದು ಹೊಗೆ ಉಗುಳೋದು ಬಂದ್."

"ನಮ್ಮತ್ತೆ ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದಾರೆ ಮಾರಾಯ್ರೇ!"

ಹಲ್ಲಣ್ಣನ ಮುಖ ಇಳಿಯಿತು. ಬೀಗದ ಕಡೆ ನೋಡಿದ. ಕೀಲಿ ಇಲ್ಲ ಎಂದು ಒಪ್ಪಿಕೊಂಡರೆ ಮಾನ ಹೋಗುತ್ತದೆ. ಇದ್ದೂ ಕೊಡುವುದಿಲ್ಲ ಎಂದರೆ ಕಟುಕ ಎನ್ನಿಸಿಕೊಳ್ಳಬೇಕು. "ಲಿಫ್ಟಿನ ಮೆಕ್ಯಾನಿಕ್‌ನ ಕರೆಸಿ. ಅವನು ಕೈಯಲ್ಲಿ ತಿರುಗಿಸಿ ಇಳಿಸ್ತಾನೆ," ಎಂದು ಗಂಟಲು ಸರಿಮಾಡಿಕೊಂಡ.

ಸೆಕ್ರೆಟರಿಗಳು ಮೆಕ್ಯಾನಿಕ್ಕಿಗೆ ಫೋನು ಹಚ್ಚಿ, ಕೇಳಿ, ತಲೆ ಚಚ್ಚಿಕೊಂಡರು. "ದೊಡ್ಡ ಸರ್ಕಲ್ ಹತ್ರ ಟ್ರಾಫಿಕ್ಕಲ್ಲಿ ನಿಂತುಬಿಟ್ಟಿದಾನಂತೆ. ಯಾರೋ ತಲೆಕೆಟ್ಟ ಹುಡುಗರು ರಸ್ತೇಲಿ ಕೂತಿದಾರಂತೆ!"

"ತಲೆಕೆಟ್ಟ ಹುಡುಗರಲ್ಲ," ಎಂದ ಹಲ್ಲಣ್ಣ. "ನನ್ನ ಮಗಳು."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಇಷ್ಟು ದಿನ ಯಾರಾದರೂ ಕೇಳಿದರೆ ಮಗಳು ಲೈಬ್ರರಿಗೆ ಹೋಗಿದ್ದಾಳೆ ಎಂದೇ ಹೇಳುತ್ತಿದ್ದ.

ಹೊತ್ತೇರಿದಂತೆ ಸೆಕೆ ಏರಿತು. ಸೆಕೆ ಏರಿದಂತೆ ಜನ ಇಳಿದು ಬಂದರು. ಹಲ್ಲಣ್ಣನ ಸುತ್ತ ನ್ಯಾಯಪಂಚಾಯಿತಿ ಕೂಡಿತು.

"ಜನರೇಟರ್ ಬೇಡ ಅಂದ್ರೆ ಕತ್ತಲಲ್ಲಿ ಕೂರೋಣ್ವಾ?" ಎಂದರು ಮೂರನೇ ಮಹಡಿಯ ಆಂಟಿ.

"ಮಾಳಿಗೆ ಮೇಲೆ ಸೋಲಾರ್ ಹಾಕ್ಸಿ, ಬ್ಯಾಟರಿ ಇಡ್ಸಿ," ಎಂದ ಹಲ್ಲಣ್ಣ.

"ಮಾಳಿಗೆ ತುಂಬ ಅದನ್ನ ಹಾಸಿಬಿಟ್ರೆ ಬಟ್ಟೆ ಎಲ್ಲಿ ಒಣಗಿಸೋದು?"

"ಈಗೆಲ್ಲಿ ಒಣಗಿಸ್ತಿದೀರಿ? ಮಸೀಲಿ!" ಹಲ್ಲಣ್ಣ ತಿರುಗಿ ಬೆನ್ನು ತೋರಿಸಿದ.

"ಬ್ಯಾಟರಿ ಸಿಡಿಯುತ್ತಂತೆ," ಎಂದರು ಕೆಳಮನೆಯ ವಿಮೆ ಏಜೆಂಟರು. "ನೋಡಿ, ನಾನೂ ಹೊಗೆ ಬೇಡ ಅನ್ನೋನೇ. ಬದಲಾವಣೆ ಬೇಕೇ ಬೇಕು. ಆದ್ರೆ ಮೊದಲು ಎದುರುಗಡೆ ಕಟ್ಟಡದೋರು ಮಾಡ್ಲಿ. ಅವರದು ಸರಿಹೋದ್ರೆ ನಾವು ಯೋಚನೆ ಮಾಡೋಣ."

"ಎದುರುಗಡೆಯೋರು ನಮ್ಮನ್ನ ನೋಡ್ತಾ ಕೂತಿದಾರೆ, ನಾವು ಅವರನ್ನ ನೋಡ್ತಾ ಕೂತಿದೀವಿ!" ಹಲ್ಲಣ್ಣನ ದನಿ ಏರಿತು. "ನನ್ನ ಮಗಳು ಈ ಹೊಗೆ ಕುಡಿದೇ ಬೆಳೆದದ್ದು ಸ್ವಾಮಿ. ಪಾಠ ಓದೋವಾಗ ಕಿಟಕಿ ಮುಚ್ಚು ಅಂದ್ರೆ ಸೆಕೆ, ತೆಗಿ ಅಂದ್ರೆ ಕೆಮ್ಮು. ಆಮೇಲೆ ನೋಡೋಣ, ಆಮೇಲೆ ನೋಡೋಣ ಅಂತ ನಾನೂ ಅಂದೆ. ಇವತ್ತು ಅವಳು ರಸ್ತೇಲಿ ಕೂತ್ಲು. ತಪ್ಪೇನಿದೆ? ನಾನು ಇಲ್ಲಿ ಕೂತಿದೀನಿ. ಅದೇನು ಮಾಡ್ತೀರೋ ಮಾಡ್ಕೊಳ್ಳಿ!"

ಲಿಫ್ಟಿನೊಳಗಿಂದ ಚಪ್ಪಾಳೆ ಕೇಳಿಸಿತು.

"ಫಭಾಫ್! ನಾನೂ ಇಳಿಯಲ್ಲ!"

"ಅತ್ತೆ, ನಿಮಗೆ ಇಳಿಯೋಕೆ ಆಗ್ತಿಲ್ಲ, ಅಷ್ಟೇ!" ಎಂದರು ಸೆಕ್ರೆಟರಿಗಳು.

ಅತ್ತೆಯವರನ್ನು ಸಮಾಧಾನ ಮಾಡಲು ಸೆಕ್ರೆಟರಿಗಳೇ ಒಂದು ಉಪಾಯ ಹೂಡಿದರು. ಲಿಫ್ಟಿನ ಬಾಗಿಲನ್ನು ಅಂಗೈಯಗಲ ಸರಿಸಿ, ಆ ಸಂದಿನಲ್ಲಿ ಚಹಾ, ಬಿಸ್ಕತ್ತು, ಬೀಸಣಿಗೆ ಒಳಗೆ ಕಳಿಸಿದರು. ಹಲ್ಲಿಲ್ಲದೆ ಬಿಸ್ಕತ್ತು ಹೇಗೆ ತಿನ್ನುವುದು ಎಂದು ಒಳಗಿನಿಂದ ಕೂಗು ಬಂತು. ಹಲ್ಲಣ್ಣನ ಹೆಂಡತಿ ಮೇಲೆ ಹೋಗಿ ಸೆಟ್ಟು ತಂದು ಸಂದಿನಲ್ಲಿ ದಾಟಿಸಿದಳು. ಅದೊಂದು ದೊಡ್ಡ ತಪ್ಪಾಯಿತು. ಹಲ್ಲು ಕೂತ ಮೇಲೆ ಅತ್ತೆಯವರ ಮಾತು ಸ್ಪಷ್ಟವಾಯಿತು. "ಅಳಿಯಂದಿರೇ, ಈಗ ಕೇಳಿ," ಎಂದು ಶುರುಮಾಡಿದವರು ಮದುವೆಯಾದಾಗಿನಿಂದ ಅಳಿಯ ಮುಂದೂಡಿದ ಕೆಲಸಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳತೊಡಗಿದರು. ಸೋರುವ ನಲ್ಲಿಯಿಂದ ಹಿಡಿದು ತಮ್ಮ ಮಗಳಿಗೆ ತೋರಿಸುತ್ತೇನೆಂದ ಸಮುದ್ರದವರೆಗೂ ಬಂತು. ನೆರೆದವರು ಕುರ್ಚಿ ತಂದುಕೊಂಡು ಕೂತರು.

ಸೆಕ್ರೆಟರಿಗಳು ಬೆವರೊರೆಸಿಕೊಂಡು ಮೂಲೆಯ ಗ್ಯಾರೇಜಿನವನನ್ನು ಎಳೆದು ತಂದರು. ಅವನು ಗರಗಸ ಆಡಿಸಿದ. ಅಲಗು ಟಣ್ಣೆಂದು ಮುರಿಯಿತು. ಸರಪಳಿಗೆ ಗೀರೂ ಬೀಳಲಿಲ್ಲ.

"ಒಳ್ಳೇ ಉಕ್ಕು ಸಾರ್," ಎಂದ ಅವನು ಮೆಚ್ಚುಗೆಯಿಂದ. "ಕಟರ್ ಮೆಷಿನ್ ಇದೆ, ಬೆಣ್ಣೆ ಥರ ಕೊಯ್ದುಬಿಡುತ್ತೆ. ಆದ್ರೆ ಕರೆಂಟ್ ಬೇಕಲ್ಲ."

"ಕರೆಂಟ್ ಬೇಕಾದ್ರೆ ಜನರೇಟರ್ ಹಚ್ಚಬೇಕು."

"ಹಚ್ಚಿ ಸಾರ್."

"ಹಚ್ಚೋಕೆ ಪೆಟ್ಟಿಗೆ ತೆಗೀಬೇಕು. ಪೆಟ್ಟಿಗೆಗೆ ಸರಪಳಿ ಹಾಕಿದಾನೆ."

"ಸರಪಳಿ ಕೊಯ್ಯೋಕೇ ಕರೆಂಟ್ ಕೇಳಿದ್ದು ಸಾರ್."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಲ್ಲಣ್ಣ ಅಷ್ಟೆಲ್ಲ ಯೋಚಿಸಿ ಬೀಗ ಹಾಕಿರಲಿಲ್ಲ. ಆದರೂ ಎಲ್ಲ ಮೊದಲೇ ಲೆಕ್ಕ ಹಾಕಿದವನ ಹಾಗೆ ಮುಗುಳ್ನಕ್ಕ.

ಮಧ್ಯಾಹ್ನವಾದರೂ ಕರೆಂಟು ಬರಲಿಲ್ಲ. ಹೆಂಡತಿ ತಟ್ಟೆ ತಂದು ಅವನ ಮುಂದಿಟ್ಟು, ದನಿ ತಗ್ಗಿಸಿ ಕೇಳಿದಳು: "ರೀ, ಕೀಲಿ ಎಲ್ಲಿ?"

"ನಿನ್ನ ಮಗಳ ಹತ್ರ."

"ಅಯ್ಯೋ ದೇವರೇ. ಹೋಗ್ಲಿ, ಬಚ್ಚಲಿಗೆ ಏನು ಮಾಡ್ತೀರಿ?"

ಹಲ್ಲಣ್ಣ ನೀರಿನ ಲೋಟವನ್ನು ಮೆಲ್ಲಗೆ ದೂರ ಸರಿಸಿದ. "ಹೋರಾಟದಲ್ಲಿ ಅದೆಲ್ಲ ಕೇಳಬಾರದು ಕಣೇ."

ಬಿಸಿಲು ಇಳಿಯುವ ಹೊತ್ತಿಗೆ ಸೆಕ್ರೆಟರಿಗಳಿಗೆ ಒಂದು ಫೋನು ಬಂತು. ಗೇಟಿನವರೆಗೆ ನಡೆದು ಹೋಗಿ ಪಿಸುಪಿಸು ಮಾತಾಡಿ ಬಂದರು. ಬಂದಾಗ ಬೇರೆಯೇ ಮನುಷ್ಯ. ಮುಖದಲ್ಲಿ ನಗು, ಕೈಯಲ್ಲಿ ನಮಸ್ಕಾರ.

"ಹಲ್ಲಣ್ಣ, ನೀವು ಗೆದ್ರಿ. ಈ ಜನರೇಟರು ಇವತ್ತು ಸಂಜೇನೇ ಇಲ್ಲಿಂದ ಹೋಗುತ್ತೆ. ನಾನೇ ನಿಂತು ಕಳಿಸ್ತೀನಿ."

"ನಿಜವಾಗ್ಲೂ?"

"ನಮ್ಮತ್ತೆ ಮೇಲಾಣೆ."

"ನನ್ನ ಮೇಲೆ ಯಾಕೆ ಆಣೆ? ನಿಮ್ಮ ಮೇಲೇ ಇಟ್ಕೊಳ್ಳಿ!" ಎಂದಿತು ಲಿಫ್ಟು.

ಕಟ್ಟಡವೆಲ್ಲ ಚಪ್ಪಾಳೆ ತಟ್ಟಿತು. ವಿಮೆ ಏಜೆಂಟರು ತಾವು ಮೊದಲಿನಿಂದಲೂ ಹಲ್ಲಣ್ಣನ ಕಡೆಯೇ ಎಂದು ಕೈ ಕುಲುಕಿದರು. ಅಷ್ಟರಲ್ಲಿ ಲಿಫ್ಟಿನ ಮೆಕ್ಯಾನಿಕ್ಕು ಬಂದು, ಸರ್ಕಲ್ಲಿನ ರಸ್ತೆ ತೆರವಾಯಿತೆಂದು ಹೇಳಿ, ಚಕ್ರ ತಿರುಗಿಸಿ ಅತ್ತೆಯವರನ್ನು ಇಳಿಸಿದ. ಅವರು ನೇರ ಬಂದು ಹಲ್ಲಣ್ಣನ ತಲೆಯ ಮೇಲೆ ಕೈಯಿಟ್ಟರು.

ಅವರ ಹಿಂದೆಯೇ ಮಗಳು ಬಂದಳು. ಕೂದಲು ಕೆದರಿ, ಮೊಣಕೈ ತರಚಿ, ಕಣ್ಣು ಮಾತ್ರ ಹೊಳೆಯುತ್ತಿತ್ತು. "ಪೊಲೀಸರು ಎತ್ತಿ ವ್ಯಾನಿಗೆ ಹಾಕಿದ್ರು. ವ್ಯಾನು ಸ್ಟಾರ್ಟೇ ಆಗ್ಲಿಲ್ಲ. ಕೊನೆಗೆ ನಾವೇ ಇಳಿದು ತಳ್ಳಿದ್ವಿ. ಠಾಣೇಲಿ ಬೈದು ಬಿಟ್ಟು..." ಎನ್ನುತ್ತ ಬಂದವಳು ಅಪ್ಪನನ್ನೂ ಸರಪಳಿಯನ್ನೂ ನೋಡಿ ನಿಂತುಬಿಟ್ಟಳು.

"ಅಪ್ಪಾ! ನೀನಾ?"

"ಕೀಲಿ ತೆಗಿಯಮ್ಮ ಮೊದಲು," ಎಂದ ಹಲ್ಲಣ್ಣ. ಬೀಗ ಬಿಚ್ಚಿದ್ದೇ ತಡ, ಮಹಾವೀರ ಮೆಟ್ಟಿಲ ಕೆಳಗಿನ ಬಚ್ಚಲಿಗೆ ಓಡಿದ.

ಹೊರಬರುವ ಹೊತ್ತಿಗೆ ಕ್ರೇನಿನ ಲಾರಿ ಗೇಟಿನೊಳಗೆ ಹೊಕ್ಕಿತ್ತು. ಹಳೆಯ ಜನರೇಟರಿಗೆ ಕೊಕ್ಕೆ ಬಿತ್ತು. ಅದು ನೆಲ ಬಿಟ್ಟು ಮೇಲೆದ್ದಾಗ ಹಲ್ಲಣ್ಣ ಮಗಳ ಕೈ ಹಿಡಿದುಕೊಂಡ. ಕಣ್ಣು ಮಂಜಾಯಿತು. ಜನರೇಟರು ಲಾರಿಯ ಹಿಂಭಾಗದಲ್ಲಿ ಕೂತಿತು. ಆಮೇಲೆ ಕೆಲಸದವರು ಲಾರಿಯ ಮುಂಭಾಗದಲ್ಲಿದ್ದ ಟಾರ್ಪಾಲು ಸರಿಸಿದರು.

ಟಾರ್ಪಾಲಿನ ಕೆಳಗೆ ಇನ್ನೊಂದು ಜನರೇಟರಿತ್ತು. ಹೊಚ್ಚಹೊಸದು, ಹಸಿರು ಬಣ್ಣದ್ದು. ಅದರ ಮುಂದೆ ಹಳೆಯದು ಎಮ್ಮೆಯ ಪಕ್ಕದ ಆಡಿನ ಹಾಗೆ ಕಂಡಿತು.

"ಇದೇನು?" ಎಂದ ಹಲ್ಲಣ್ಣ.

"ಹೊಸದು," ಎಂದರು ಸೆಕ್ರೆಟರಿಗಳು ಹೆಮ್ಮೆಯಿಂದ. "ಬೆಳಿಗ್ಗೇನೇ ಬರಬೇಕಿತ್ತು. ಆ ಸರ್ಕಲ್ ಟ್ರಾಫಿಕ್ಕಲ್ಲಿ ದಿನವೆಲ್ಲ ನಿಂತುಬಿಡ್ತು. ಹಳೇದನ್ನ ಕೊಟ್ಟು ಇದನ್ನ ತಗೊಳ್ಳೋ ಮಾತಾಗಿತ್ತು. ನೀವು ಅದಕ್ಕೇ ಬಿಗಿದುಕೊಂಡು ಕೂತ್ರೆ ನಾನೇನು ಮಾಡ್ಲಿ?"

"ನೀವು... ನೀವು ಮೋಸ..."

"ಮೋಸ ಎಲ್ಲಿ ಬಂತು? ಹಳೇದು ಹೋಗುತ್ತೆ ಅಂದೆ, ಹೋಯ್ತು. ಅಲ್ರೀ, ಇದನ್ನ ತರಿಸಿದ್ದೇ ನಿಮಗೋಸ್ಕರ! ಹಳೇ ಜನರೇಟರಿನ ಕರೆಂಟಲ್ಲಿ ನಿಮ್ಮ ಹಲ್ಲಿನ ಕುಲುಮೆ ಬಿಸಿಯೇ ಆಗಲ್ಲ, ಕೆಲಸ ಕೆಡುತ್ತೆ ಅಂತ ಮೀಟಿಂಗಲ್ಲಿ ನಿಮ್ಮ ಮನೆಯೋರೇ ಹೇಳಿದ್ದು."

ಹಲ್ಲಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿನ ಅಂಚು ತಿರುವುತ್ತ ನಿಂತಿದ್ದಳು. "ದಿನಾ ರಾತ್ರಿ ನನ್ನ ತಲೆ ತಿಂತಿದ್ರಲ್ಲ, ಕುಲುಮೆ ಆರಿಹೋಯ್ತು, ಅಚ್ಚು ಹಾಳಾಯ್ತು ಅಂತ. ಮೀಟಿಂಗಿಗೆ ನೀವಂತೂ ಬರಲ್ಲ. ದೊಡ್ಡದು ಬೇಕಾ ಅಂದ್ರು, ಕೈ ಎತ್ತಿದೆ."

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಅವಳ ಕಣ್ಣು ತಪ್ಪಿಸಿದ. ಕ್ರೇನು ಹೊಸ ಜನರೇಟರನ್ನು ಎತ್ತಿ, ಖಾಲಿಯಾಗಿದ್ದ ಸಿಮೆಂಟು ಕಟ್ಟೆಯ ಕಡೆಗೆ ಮೆಲ್ಲಗೆ ತಿರುಗಿಸುತ್ತಿತ್ತು.

ಹಲ್ಲಣ್ಣ ಒಂದು ಕ್ಷಣ ನಿಂತ. ಕುಲುಮೆ ನೆನಪಾಯಿತು. ಅರ್ಧಕ್ಕೆ ನಿಂತ ಹಲ್ಲುಗಳೂ ನೆನಪಾದವು. ಆಮೇಲೆ ದಾಪುಗಾಲು ಹಾಕಿ ಹೋಗಿ, ಕಟ್ಟೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಇಳಿಸಿ ನೋಡೋಣ!"

ಕೊಕ್ಕೆಯಲ್ಲಿ ಹಸಿರು ಜನರೇಟರು ಗಕ್ಕನೆ ನಿಂತು ತೂಗಾಡಿತು. ಮಗಳು ಓಡಿ ಬಂದು ಅಪ್ಪನ ಪಕ್ಕ ಕೂತಳು. ಅತ್ತೆಯವರು "ನನಗೂ ಜಾಗ ಬಿಡಿ," ಎಂದು ಮಡಿಸುವ ಕುರ್ಚಿ ತರಿಸಿಕೊಂಡರು.

"ಏಳ್ರೀ ಹಲ್ಲಣ್ಣ, ನಿಮಗೇ ನಷ್ಟ!" ಸೆಕ್ರೆಟರಿಗಳು ಅಳುದನಿ ತೆಗೆದರು.

"ನಷ್ಟ ಆದ್ರೆ ಆಗ್ಲಿ. ಕೈಯಲ್ಲೇ ಉಜ್ಜಿ ಹಲ್ಲು ಮಾಡ್ತೀನಿ. ಏಳಲ್ಲ!"

ಕ್ರೇನಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಸಾರ್, ಎಷ್ಟು ಹೊತ್ತು ಕೂರ್ತೀರಿ? ಭಾರ ಮೇಲೆ ತೂಗ್ತಿರೋವಾಗ ನಾನು ಎಂಜಿನ್ ಆಫ್ ಮಾಡೋ ಹಾಗಿಲ್ಲ."

ಎಲ್ಲರೂ ತಲೆಯೆತ್ತಿ ನೋಡಿದರು. ಕ್ರೇನಿನ ಕೊಳವೆಯಿಂದ ಜನರೇಟರು ಎಂದೂ ಉಗುಳಿರದಷ್ಟು ದಪ್ಪ ಕಪ್ಪು ಹೊಗೆ ಸುರುಳಿಸುರುಳಿಯಾಗಿ ಎದ್ದು, ಗಾಳಿಗೆ ವಾಲಿ, ಹಲ್ಲಣ್ಣನ ಕೋಣೆಯ ಕಿಟಕಿಯೊಳಗೆ ನೆಂಟನ ಹಾಗೆ ನಡೆದು ಹೋಗುತ್ತಿತ್ತು. ಒಂದು ಸುರುಳಿ ಕೆಳಗಿಳಿದು ಅವನ ಮೂಗಿಗೂ ಹೊಕ್ಕಿತು.

ಹಲ್ಲಣ್ಣ ಕೆಮ್ಮಿದ. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ಕೆಮ್ಮುತ್ತಲೇ ಮುಷ್ಟಿ ಮೇಲೆತ್ತಿದ.

"ಬೆಳಗಿನ ತನಕ... ತೂಗಾಡ್ಲಿ! ನಾನು... ಏಳಲ್ಲ!"

"ಅಪ್ಪಾ," ಎಂದಳು ಮಗಳು ಅವನ ಬೆನ್ನು ಸವರುತ್ತ, "ಘೋಷಣೆ ನಾನು ಕೂಗ್ತೀನಿ. ನೀನು ಬಾಯಿ ಮುಚ್ಕೊಂಡು ಕೂತ್ಕೋ."